ಎನ್‌ಎಫ್‌ಎಸ್ ಮೌಂಟ್ ವೈಫಲ್ಯ

ಎನ್‌ಎಫ್‌ಎಸ್ ಮೌಂಟ್ ವೈಫಲ್ಯ ಎಂದರೆ, ಯುನಿಕ್ಸ್ ಅಥವಾ ಅದನ್ನು ಹೋಲುವ ಕಾರ್ಯಾಚರಣ ವ್ಯವಸ್ಥೆಯುಳ್ಳ ಗಣಕವೊಂದು ಜಾಲದಲ್ಲಿರುವ ಮತ್ತೊಂದು ಗಣಕದ ಕಡತಕೋಶವನ್ನು ತನ್ನ ಕಡತವ್ಯವಸ್ಥೆಗೆ ಜೋಡಿಸಿಕೊಳ್ಳಲು ಮಾಡಿದ ಪ್ರಯತ್ನವು ಫಲಿಸದಿರುವ ಸ್ಥಿತಿ. ಎನ್‌ಎಫ್‌ಎಸ್ ಎಂಬುದು ‘ನೆಟ್‌ವರ್ಕ್ ಫೈಲ್ ಸಿಸ್ಟಮ್’ ಎಂಬ ಹೆಸರಿನ ಸಂಕ್ಷಿಪ್ತ ರೂಪ. ಹೀಗೆ ಜೋಡಿಸುವ ಕ್ರಿಯೆಗೆ ಮೌಂಟ್ ಎಂದು ಹೆಸರು. ವೈಫಲ್ಯದ ಕಾರಣಗಳು ಹಲವಾದರೂ ಮೌಂಟ್ ಕ್ರಿಯೆಯು ನಿಶ್ಚಿತವಾದ ಕೆಲವು ಹಂತಗಳಲ್ಲಿ ನಡೆಯುತ್ತದೆ. ತೆರೆಯ ಮೇಲೆ ಮೂಡುವ ದೋಷಸಂದೇಶವು ಕಾರ್ಯವು ಎಲ್ಲಿಯವರೆಗೆ ಸಾಗಿ ನಿಂತಿತೆಂಬುದನ್ನು ಬಹುಮಟ್ಟಿಗೆ ಸೂಚಿಸುತ್ತದೆ. ಆದ್ದರಿಂದ ಸಂದೇಶವನ್ನು ಪೂರ್ಣವಾಗಿ ಓದಿ, ಅದು ಯಾವ ಹಂತಕ್ಕೆ ಸೇರಿದ್ದೆಂದು ಗುರುತಿಸುವುದೇ ದೋಷಪರಿಹಾರದ ಮೊದಲ ಕೆಲಸ.

ಹಿನ್ನೆಲೆ

ಎನ್‌ಎಫ್‌ಎಸ್ ಅನ್ನು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1984ರಲ್ಲಿ ರೂಪಿಸಿತು. ಅದರ 2ನೆಯ ಆವೃತ್ತಿಯ ವಿವರಣೆ 1989ರಲ್ಲಿ ಆರ್‌ಎಫ್‌ಸಿ 1094 ಎಂಬ ದಾಖಲೆಯಾಗಿಯೂ, 3ನೆಯ ಆವೃತ್ತಿಯದು 1995ರಲ್ಲಿ ಆರ್‌ಎಫ್‌ಸಿ 1813 ಆಗಿಯೂ ಪ್ರಕಟವಾದವು. 4ನೆಯ ಆವೃತ್ತಿ 2000ದಲ್ಲಿ ಹೊರಬಂದು 2003ರಲ್ಲಿ ಪರಿಷ್ಕೃತಗೊಂಡಿತು. ಇಂದು 3 ಮತ್ತು 4ನೆಯ ಆವೃತ್ತಿಗಳೇ ಹೆಚ್ಚಾಗಿ ಬಳಕೆಯಲ್ಲಿವೆ.

ಯುನಿಕ್ಸ್‌ನಲ್ಲಿ ಎಲ್ಲ ಕಡತಗಳೂ ‘ರೂಟ್’ ಎಂಬ ಒಂದೇ ಬೇರಿನಿಂದ ಕವಲೊಡೆದ ಮರದಂತೆ ಜೋಡಣೆಗೊಂಡಿರುತ್ತವೆ. ದೂರದ ಗಣಕದ ಕಡತಕೋಶವನ್ನು ಈ ಮರದ ಯಾವುದಾದರೊಂದು ಕೊಂಬೆಗೆ ಕಸಿ ಕಟ್ಟಿದಂತೆ ಸೇರಿಸಲಾಗುತ್ತದೆ. ಸೇರಿಸುವ ಸ್ಥಳಕ್ಕೆ ಮೌಂಟ್ ಪಾಯಿಂಟ್ ಎನ್ನುತ್ತಾರೆ. ಇದು ಮೊದಲೇ ಅಸ್ತಿತ್ವದಲ್ಲಿರುವ ಸಾಧಾರಣ ಕಡತಕೋಶ. ಮೌಂಟ್ ಆದ ಮೇಲೆ ಅಲ್ಲಿ ಕಾಣುವುದು ದೂರದ ಗಣಕದ ಕಡತಗಳು. ಆ ಸ್ಥಳದಲ್ಲಿ ಮೊದಲೇ ಇದ್ದ ಕಡತಗಳು ಅಳಿಯುವುದಿಲ್ಲ, ಮರೆಯಾಗುತ್ತವೆ, ಅಷ್ಟೆ. ಕಡತಗಳನ್ನು ಒದಗಿಸುವ ಗಣಕ ಸರ್ವರ್, ಪಡೆಯುವ ಗಣಕ ಕ್ಲೈಂಟ್.

ಮೌಂಟ್ ಕ್ರಿಯೆಯ ಹಂತಗಳು

1. ಕ್ಲೈಂಟ್ ತನ್ನಲ್ಲಿ ಮೌಂಟ್ ಪಾಯಿಂಟ್ ಇದೆಯೇ, ಬೇಕಾದ ಸಹಾಯಕ ತಂತ್ರಾಂಶವಿದೆಯೇ ಎಂದು ನೋಡುತ್ತದೆ.
2. ಸರ್ವರ್‌ನ ಹೆಸರನ್ನು ಐಪಿ ವಿಳಾಸವಾಗಿ ಪರಿವರ್ತಿಸಿಕೊಳ್ಳುತ್ತದೆ.
3. ಜಾಲದ ಮೂಲಕ ಸರ್ವರ್‌ನ ಪೋರ್ಟ್‌ಗಳನ್ನು ಸಂಪರ್ಕಿಸುತ್ತದೆ.
4. ಸರ್ವರ್‌ನಲ್ಲಿ ಎನ್‌ಎಫ್‌ಎಸ್ ಸೇವೆ ಚಾಲನೆಯಲ್ಲಿದ್ದರೆ ಉತ್ತರ ಬರುತ್ತದೆ.
5. ಕೇಳಿದ ಕಡತಕೋಶವನ್ನು ಈ ಕ್ಲೈಂಟ್‌ಗೆ ಕೊಡಲು ಅನುಮತಿಯಿದೆಯೇ ಎಂದು ಸರ್ವರ್ ಪರಿಶೀಲಿಸಿ, ‘ಫೈಲ್ ಹ್ಯಾಂಡಲ್’ ಎಂಬ ಗುರುತುಚೀಟಿಯನ್ನು ನೀಡುತ್ತದೆ.
6. ಮೌಂಟ್ ಆದ ಬಳಿಕ ಪ್ರತಿಯೊಂದು ಕಡತಕ್ಕೂ ಬಳಕೆದಾರನ ಅನುಮತಿಯ ಪರಿಶೀಲನೆ ನಡೆಯುತ್ತದೆ.

ಮೂರನೆಯ ಹಂತದಲ್ಲಿ ಆವೃತ್ತಿಗಳ ನಡುವೆ ಮುಖ್ಯ ವ್ಯತ್ಯಾಸವಿದೆ. 3ನೆಯ ಆವೃತ್ತಿಯಲ್ಲಿ ಕ್ಲೈಂಟ್ ಮೊದಲು 111ನೆಯ ಪೋರ್ಟ್‌ನಲ್ಲಿರುವ ಆರ್‌ಪಿಸಿಬೈಂಡ್ ಸೇವೆಯನ್ನು ವಿಚಾರಿಸಿ, ಮೌಂಟ್‌ಡಿ ಎಂಬ ಸೇವೆ ಯಾವ ಪೋರ್ಟ್‌ನಲ್ಲಿದೆ ಎಂದು ತಿಳಿದುಕೊಳ್ಳುತ್ತದೆ. ಅನುಮತಿಯನ್ನು ನಿರ್ಧರಿಸುವುದು ಈ ಮೌಂಟ್‌ಡಿ. ಅನಂತರದ ಓದು ಬರಹಗಳು 2049ನೆಯ ಪೋರ್ಟ್‌ನಲ್ಲಿ ನಡೆಯುತ್ತವೆ. 4ನೆಯ ಆವೃತ್ತಿಯಲ್ಲಿ ಸಾಮಾನ್ಯವಾಗಿ ಟಿಸಿಪಿ 2049 ಒಂದೇ ಪೋರ್ಟ್ ಸಾಕು.

ಕ್ಲೈಂಟ್‌ನಲ್ಲಿಯೇ ಇರುವ ದೋಷಗಳು

‘ಮೌಂಟ್ ಪಾಯಿಂಟ್ ಡಸ್ ನಾಟ್ ಎಕ್ಸಿಸ್ಟ್’ ಎಂಬ ಸಂದೇಶ ಬಂದರೆ ಜೋಡಿಸಬೇಕಾದ ಕಡತಕೋಶವನ್ನೇ ಸೃಷ್ಟಿಸಿಲ್ಲ ಎಂದರ್ಥ. ‘ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಷನ್’ ಎಂದು ಆರಂಭವಾಗುವ ದೀರ್ಘ ಸಂದೇಶವು ಡಿಸ್ಕ್ ಕೆಟ್ಟಿದೆ ಎಂಬ ಭಾವನೆಯನ್ನು ಮೂಡಿಸಿದರೂ, ಎನ್‌ಎಫ್‌ಎಸ್ ಸಂದರ್ಭದಲ್ಲಿ ಅದಕ್ಕೆ ಸಾಮಾನ್ಯ ಕಾರಣ ಸಹಾಯಕ ತಂತ್ರಾಂಶದ ಕೊರತೆ. ಡೆಬಿಯನ್ ಮತ್ತು ಉಬುಂಟು ವ್ಯವಸ್ಥೆಗಳಲ್ಲಿ ಎನ್‌ಎಫ್‌ಎಸ್-ಕಾಮನ್, ಫೆಡೋರಾ ಮತ್ತು ರೆಡ್ ಹ್ಯಾಟ್ ವ್ಯವಸ್ಥೆಗಳಲ್ಲಿ ಎನ್‌ಎಫ್‌ಎಸ್-ಯುಟಿಲ್ಸ್ ಎಂಬ ಪ್ಯಾಕೇಜನ್ನು ಸ್ಥಾಪಿಸಿದರೆ ಈ ತೊಂದರೆ ನಿವಾರಣೆಯಾಗುತ್ತದೆ.

ಜಾಲದ ದೋಷಗಳು

ಸರ್ವರ್‌ನ ಹೆಸರು ಬಳಸಿದಾಗ ವಿಫಲವಾಗಿ, ಐಪಿ ವಿಳಾಸ ಬಳಸಿದಾಗ ಸಫಲವಾದರೆ ದೋಷವು ಹೆಸರಿನ ಪರಿವರ್ತನೆಯಲ್ಲಿದೆ. ಆಗ ಡಿಎನ್‌ಎಸ್ ವ್ಯವಸ್ಥೆಯನ್ನೂ ‘ಹೋಸ್ಟ್ಸ್’ ಕಡತವನ್ನೂ ಪರಿಶೀಲಿಸಬೇಕು.

ಸಂಪರ್ಕಕ್ಕೆ ಸಂಬಂಧಿಸಿದ ಮೂರು ಸಂದೇಶಗಳು ಒಂದೇ ಬಗೆಯವೆಂದು ತೋರಿದರೂ ಅವುಗಳ ಅರ್ಥ ಬೇರೆ ಬೇರೆ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ ಗಣಕ ಸಿಕ್ಕಿತು, ಆದರೆ ಆ ಪೋರ್ಟ್‌ನಲ್ಲಿ ಕೇಳುವ ಸೇವೆಯಿಲ್ಲ. ಸರ್ವರ್‌ನಲ್ಲಿ ಎನ್‌ಎಫ್‌ಎಸ್ ಸೇವೆ ಆರಂಭವಾಗಿಲ್ಲದಿರುವುದು ಇದಕ್ಕೆ ಸಾಮಾನ್ಯ ಕಾರಣ. ‘ಕನೆಕ್ಷನ್ ಟೈಮ್ಡ್ ಔಟ್’ ಎಂದರೆ ಕೂಗಿಗೆ ಯಾವ ಉತ್ತರವೂ ಬರಲಿಲ್ಲ. ಗಣಕ ಸ್ಥಗಿತಗೊಂಡಿರಬಹುದು, ಅಥವಾ ಫೈರ್‌ವಾಲ್ ಕೋರಿಕೆಯನ್ನು ಸದ್ದಿಲ್ಲದೆ ತಡೆದಿರಬಹುದು. ‘ನೋ ರೂಟ್ ಟು ಹೋಸ್ಟ್’ ಎಂಬುದು ದಾರಿಯೇ ಇಲ್ಲವೆಂದು ಹೇಳಿದರೂ, ಕೆಲವು ಫೈರ್‌ವಾಲ್‌ಗಳು ಕೋರಿಕೆಯನ್ನು ನಿರಾಕರಿಸುವಾಗಲೂ ಇದೇ ಸಂದೇಶ ಕಾಣಿಸಿಕೊಳ್ಳುತ್ತದೆ.

ಪಿಂಗ್ ಆಜ್ಞೆಗೆ ಉತ್ತರ ಬಂದ ಮಾತ್ರಕ್ಕೆ ಜಾಲ ಸರಿಯಾಗಿದೆ ಎಂದು ನಿರ್ಧರಿಸಲಾಗದು. ಪಿಂಗ್ ಗಣಕದ ಇರವನ್ನು ತಿಳಿಸುತ್ತದೆಯೇ ಹೊರತು 2049ನೆಯ ಪೋರ್ಟ್ ತೆರೆದಿದೆಯೇ ಎಂಬುದನ್ನಲ್ಲ. 3ನೆಯ ಆವೃತ್ತಿಯಲ್ಲಿ ಇನ್ನೊಂದು ತೊಡಕಿದೆ. ಮೌಂಟ್‌ಡಿ ಸೇವೆಗೆ ಸ್ಥಿರ ಪೋರ್ಟನ್ನು ಗೊತ್ತುಪಡಿಸದಿದ್ದರೆ ಸೇವೆ ಮರುಪ್ರಾರಂಭವಾದಾಗಲೆಲ್ಲ ಅದರ ಪೋರ್ಟ್ ಬದಲಾಗಬಹುದು. ನಿನ್ನೆ ನಡೆದ ಮೌಂಟ್ ಇಂದು ನಡೆಯದಿರಲು ಇದೂ ಒಂದು ಕಾರಣ. ಸ್ಥಿರ ಪೋರ್ಟನ್ನು ನಿಗದಿಪಡಿಸುವುದು ಅಥವಾ 4ನೆಯ ಆವೃತ್ತಿಯನ್ನು ಬಳಸುವುದು ಇದಕ್ಕೆ ಪರಿಹಾರ.

‘ಪ್ರೋಟೊಕಾಲ್ ನಾಟ್ ಸಪೋರ್ಟೆಡ್’ ಎಂಬ ಸಂದೇಶವು ಎರಡೂ ಬದಿಗಳ ಆವೃತ್ತಿ ಹೊಂದಿಕೆಯಾಗುತ್ತಿಲ್ಲ ಎಂಬುದರ ಸೂಚನೆ. ಮೌಂಟ್ ಆಜ್ಞೆಯಲ್ಲಿ ಆವೃತ್ತಿಯನ್ನು ಸ್ಪಷ್ಟವಾಗಿ ನಮೂದಿಸಿ ಪರೀಕ್ಷಿಸಬಹುದು.

ಸರ್ವರ್‌ನ ನಿರಾಕರಣೆ

‘ಆಕ್ಸೆಸ್ ಡಿನೈಡ್ ಬೈ ಸರ್ವರ್’ ಎಂಬ ಸಂದೇಶ ಬಂದಾಗ ಕ್ಲೈಂಟ್‌ನ ಕೋರಿಕೆ ಸರ್ವರ್‌ವರೆಗೆ ತಲುಪಿದೆ ಎಂಬುದು ಖಚಿತ. ಇಲ್ಲಿಂದ ಮುಂದೆ ಕೇಬಲ್, ಫೈರ್‌ವಾಲ್‌ಗಳನ್ನು ಹುಡುಕುತ್ತ ಕೂರುವುದು ವ್ಯರ್ಥ. ನೋಡಬೇಕಾದದ್ದು ಸರ್ವರ್‌ನ ಅನುಮತಿಪಟ್ಟಿಯನ್ನು. ಲಿನಕ್ಸ್‌ನಲ್ಲಿ ಇದು ‘ಎಕ್ಸ್‌ಪೋರ್ಟ್ಸ್’ ಎಂಬ ಕಡತದಲ್ಲಿರುತ್ತದೆ. ಯಾವ ಕಡತಕೋಶವನ್ನು ಯಾವ ಗಣಕಗಳಿಗೆ, ಯಾವ ಷರತ್ತಿನ ಮೇಲೆ ಕೊಡಬೇಕೆಂಬುದು ಅದರ ಒಂದೊಂದು ಸಾಲಿನಲ್ಲಿ ಬರೆದಿರುತ್ತದೆ. ಸಾಮಾನ್ಯವಾಗಿ ಕಂಡುಬರುವ ದೋಷಗಳಿವು:

* ಕಡತವನ್ನು ತಿದ್ದಿದ ಬಳಿಕ ಎಕ್ಸ್‌ಪೋರ್ಟ್‌ಎಫ್‌ಎಸ್ ಆಜ್ಞೆಯನ್ನು ನೀಡದಿರುವುದು. ಆಜ್ಞೆ ನೀಡುವವರೆಗೆ ಅಥವಾ ಸೇವೆ ಮರುಪ್ರಾರಂಭವಾಗುವವರೆಗೆ ಹಳೆಯ ಪಟ್ಟಿಯೇ ಜಾರಿಯಲ್ಲಿರುತ್ತದೆ.
* ಕ್ಲೈಂಟ್‌ನ ಐಪಿ ವಿಳಾಸ ಬದಲಾಗಿ, ಪಟ್ಟಿಯಲ್ಲಿರುವ ವಿಳಾಸದ ವ್ಯಾಪ್ತಿಯಿಂದ ಹೊರಗುಳಿದಿರುವುದು.
* ಗಣಕದ ಹೆಸರಿಗೂ ಅದರ ಮುಂದಿನ ಆವರಣ ಚಿಹ್ನೆಗೂ ನಡುವೆ ತೆರಪು ಬಿಟ್ಟಿರುವುದು. ಹೀಗಾದಾಗ ಹೆಸರಿಸಿದ ಗಣಕಕ್ಕೆ ಪೂರ್ವನಿಯೋಜಿತ ಷರತ್ತುಗಳು ಮಾತ್ರ ದೊರೆತು, ಆವರಣದೊಳಗಿನ ಷರತ್ತುಗಳು ಲೋಕದ ಉಳಿದೆಲ್ಲ ಗಣಕಗಳಿಗೂ ಅನ್ವಯವಾಗುತ್ತವೆ. ಕೊಡಬೇಕಾದವನಿಗೆ ಓದುವ ಹಕ್ಕು, ಅಪರಿಚಿತನಿಗೆ ಬರೆಯುವ ಹಕ್ಕು ಸಿಗುವ ವಿಪರೀತ ಇದರಿಂದ ಉಂಟಾಗಬಹುದು.
* ಕ್ಲೈಂಟ್‌ನ ಕೋರಿಕೆಯು 1024ಕ್ಕಿಂತ ಕೆಳಗಿನ ಪೋರ್ಟ್‌ನಿಂದ ಹೊರಡದಿರುವುದು. ವಿಳಾಸ ಪರಿವರ್ತನೆ ಮಾಡುವ ರೂಟರ್ ನಡುವೆ ಇದ್ದಾಗ ಹೀಗಾಗಬಹುದು. ಲಿನಕ್ಸ್ ಸರ್ವರ್ ಇಂತಹ ಕೋರಿಕೆಯನ್ನು ಪೂರ್ವನಿಯೋಜಿತವಾಗಿ ಒಪ್ಪುವುದಿಲ್ಲ.

ಸರ್ವರ್ ನೀಡಿದ ಕಾರಣವೆಂದು ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದು ಕಂಡುಬಂದರೆ ಪಥವನ್ನು ಪರಿಶೀಲಿಸಬೇಕು. 4ನೆಯ ಆವೃತ್ತಿಯಲ್ಲಿ ಸರ್ವರ್ ತನ್ನ ಒಂದು ಕಡತಕೋಶವನ್ನು ಮೂಲಸ್ಥಾನವೆಂದು ಗೊತ್ತುಪಡಿಸಿದ್ದರೆ, ಕ್ಲೈಂಟ್ ಅಲ್ಲಿಂದ ಮುಂದಿನ ಪಥವನ್ನಷ್ಟೇ ಬರೆಯಬೇಕು. 3ನೆಯ ಆವೃತ್ತಿಯಲ್ಲಿ ಸರಿಯಾಗಿದ್ದ ಪಥ ಇಲ್ಲಿ ತಪ್ಪಾಗುವುದುಂಟು. ಸರ್ವರ್ ಏನೇನನ್ನು ಹಂಚುತ್ತಿದೆ ಎಂದು ಕ್ಲೈಂಟ್‌ನಿಂದಲೇ ತಿಳಿಯಲು ಶೋಮೌಂಟ್ ಆಜ್ಞೆ ನೆರವಾಗುತ್ತದೆ. ಆದರೆ ಅದು ಮೌಂಟ್‌ಡಿ ಸೇವೆಯನ್ನು ಅವಲಂಬಿಸಿರುವುದರಿಂದ, 4ನೆಯ ಆವೃತ್ತಿಗೆ ಮಾತ್ರ ಸೀಮಿತವಾದ ಸರ್ವರ್‌ನಲ್ಲಿ ಅದು ವಿಫಲವಾದರೂ ಮೌಂಟ್ ಸಫಲವಾಗಬಹುದು.

ಕೆರ್ಬೆರೋಸ್ ಭದ್ರತೆ ಬಳಸುವಲ್ಲಿ ಎರಡೂ ಗಣಕಗಳ ಗಡಿಯಾರ ಹೊಂದಿಕೆಯಾಗಿರಬೇಕು. ಸಾಮಾನ್ಯವಾಗಿ 5 ನಿಮಿಷಗಳಿಗಿಂತ ಹೆಚ್ಚಿನ ಅಂತರವಿದ್ದರೆ ಗುರುತಿನ ಪರಿಶೀಲನೆ ವಿಫಲವಾಗುತ್ತದೆ.

ಮೌಂಟ್ ಆದ ಮೇಲಿನ ತೊಂದರೆಗಳು

ಮೌಂಟ್ ಯಶಸ್ವಿಯಾಗಿಯೂ ‘ಪರ್ಮಿಷನ್ ಡಿನೈಡ್’ ಎಂಬ ಸಂದೇಶ ಬರಬಹುದು. ಸಾಂಪ್ರದಾಯಿಕ ಎನ್‌ಎಫ್‌ಎಸ್ ಬಳಕೆದಾರನನ್ನು ಗುರುತಿಸುವುದು ಹೆಸರಿನಿಂದಲ್ಲ, ಯುಐಡಿ ಎಂಬ ಸಂಖ್ಯೆಯಿಂದ. ಒಬ್ಬರೇ ವ್ಯಕ್ತಿಗೆ ಕ್ಲೈಂಟ್‌ನಲ್ಲಿ 1000, ಸರ್ವರ್‌ನಲ್ಲಿ 1005 ಎಂಬ ಸಂಖ್ಯೆಗಳಿದ್ದರೆ ಸರ್ವರ್‌ನ ದೃಷ್ಟಿಯಲ್ಲಿ ಅವರು ಇಬ್ಬರು. ರೂಟ್ ಬಳಕೆದಾರನಿಗೂ ಇಲ್ಲಿ ವಿಶೇಷಾಧಿಕಾರವಿಲ್ಲ. ‘ರೂಟ್ ಸ್ಕ್ವಾಷ್’ ಎಂಬ ಪೂರ್ವನಿಯೋಜಿತ ನಿಯಮದಂತೆ ಕ್ಲೈಂಟ್‌ನ ರೂಟ್ ಅನ್ನು ಸರ್ವರ್ ‘ನೋಬಡಿ’ ಎಂಬ ಅನಾಮಿಕನೆಂದು ಪರಿಗಣಿಸುತ್ತದೆ. 4ನೆಯ ಆವೃತ್ತಿಯಲ್ಲಿ ಎಲ್ಲ ಕಡತಗಳ ಒಡೆಯನೂ ನೋಬಡಿ ಎಂದೇ ಕಂಡರೆ, ಹೆಸರುಗಳನ್ನು ಹೊಂದಿಸುವ ಡೊಮೇನ್ ಎರಡೂ ಬದಿಗಳಲ್ಲಿ ಒಂದೇ ಆಗಿದೆಯೇ ಎಂದು ನೋಡಬೇಕು.

‘ಸ್ಟೇಲ್ ಫೈಲ್ ಹ್ಯಾಂಡಲ್’ ಎಂದರೆ ಕ್ಲೈಂಟ್‌ನ ಕೈಯಲ್ಲಿರುವ ಗುರುತುಚೀಟಿ ಹಳತಾಗಿದೆ ಎಂದರ್ಥ. ಸರ್ವರ್‌ನಲ್ಲಿ ಆ ಕಡತಕೋಶವನ್ನು ಅಳಿಸಿದಾಗ ಅಥವಾ ಬೇರೆ ಡಿಸ್ಕ್‌ಗೆ ಸ್ಥಳಾಂತರಿಸಿದಾಗ, ಅದೇ ಹೆಸರಿನಲ್ಲಿ ಮತ್ತೆ ಸೃಷ್ಟಿಸಿದರೂ ಹಳೆಯ ಚೀಟಿ ಸಲ್ಲುವುದಿಲ್ಲ. ಮೌಂಟ್ ಅನ್ನು ಬಿಡಿಸಿ ಪುನಃ ಜೋಡಿಸುವುದೇ ಪರಿಹಾರ.

ಸರ್ವರ್ ಹಠಾತ್ತನೆ ಸ್ಥಗಿತಗೊಂಡರೆ ಕ್ಲೈಂಟ್‌ನ ಕ್ರಮವಿಧಿಗಳು ಅಲ್ಲಾಡದೆ ನಿಂತುಬಿಡುತ್ತವೆ. ಇದನ್ನು ದೋಷವೆಂದು ಭಾವಿಸುವುದುಂಟು. ವಾಸ್ತವವಾಗಿ ಇದು ‘ಹಾರ್ಡ್’ ಎಂಬ ಪೂರ್ವನಿಯೋಜಿತ ಆಯ್ಕೆಯ ಉದ್ದೇಶಪೂರ್ವಕ ವರ್ತನೆ. ಸರ್ವರ್ ಮರಳಿ ಬರುವವರೆಗೆ ಕ್ಲೈಂಟ್ ಪ್ರಯತ್ನಿಸುತ್ತಲೇ ಇರುತ್ತದೆ. ‘ಸಾಫ್ಟ್’ ಆಯ್ಕೆಯಲ್ಲಿ ಸ್ವಲ್ಪ ಕಾಲದ ಬಳಿಕ ಪ್ರಯತ್ನ ಕೈಬಿಟ್ಟು ದೋಷವನ್ನು ವರದಿ ಮಾಡುತ್ತದೆ. ಆದರೆ ಅರ್ಧ ಬರೆದ ದತ್ತಾಂಶ ಹಾಳಾಗುವ ಅಪಾಯವಿದೆ.

ಗಣಕ ಆರಂಭವಾಗುವಾಗಿನ ವೈಫಲ್ಯ

ಕೈಯಿಂದ ಆಜ್ಞೆ ನೀಡಿದಾಗ ನಡೆಯುವ ಮೌಂಟ್, ಗಣಕವನ್ನು ಪುನಃ ಚಾಲನೆ ಮಾಡಿದಾಗ ನಡೆಯದಿದ್ದರೆ, ಜಾಲ ಸಿದ್ಧವಾಗುವ ಮೊದಲೇ ಪ್ರಯತ್ನ ನಡೆದಿರುವ ಸಂಭವ ಹೆಚ್ಚು. ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ನೆಟ್‌ಡೆವ್ ಆಯ್ಕೆಯನ್ನು ಮುಂದೆ ಅಡಿಗೆರೆಯೊಡನೆ ಬರೆದರೆ ವ್ಯವಸ್ಥೆಯು ಜಾಲಕ್ಕಾಗಿ ಕಾಯುತ್ತದೆ. ನೋಫೇಲ್ ಆಯ್ಕೆಯಿದ್ದರೆ ಸರ್ವರ್ ಸಿಗದಿದ್ದರೂ ಗಣಕದ ಆರಂಭ ನಿಲ್ಲುವುದಿಲ್ಲ. ಕಡತಕೋಶವನ್ನು ಮೊದಲ ಬಾರಿ ತೆರೆದಾಗ ಮಾತ್ರ ಜೋಡಿಸುವ ಸ್ವಯಂಚಾಲಿತ ಮೌಂಟ್ ಮತ್ತೊಂದು ಮಾರ್ಗ.

ಮೌನ ವೈಫಲ್ಯ

ದೋಷಸಂದೇಶ ಕಾಣುವ ವೈಫಲ್ಯಕ್ಕಿಂತ ಯಾರ ಗಮನಕ್ಕೂ ಬಾರದ ವೈಫಲ್ಯ ಹೆಚ್ಚು ಹಾನಿಕರ. ಮೌಂಟ್ ಆಗದಿದ್ದಾಗಲೂ ಮೌಂಟ್ ಪಾಯಿಂಟ್ ಎಂಬ ಖಾಲಿ ಕಡತಕೋಶ ಇದ್ದೇ ಇರುತ್ತದೆ. ಪ್ರತಿರಾತ್ರಿ ದತ್ತಾಂಶದ ಪ್ರತಿಯನ್ನು ದೂರದ ಸರ್ವರ್‌ಗೆ ಬರೆಯಬೇಕಾದ ಕ್ರಮವಿಧಿಯು, ಮೌಂಟ್ ಆಗಿಲ್ಲವೆಂದು ತಿಳಿಯದೆ ಅದೇ ಖಾಲಿ ಸ್ಥಳಕ್ಕೆ, ಎಂದರೆ ಸ್ಥಳೀಯ ಡಿಸ್ಕ್‌ಗೇ ಬರೆಯುತ್ತ ಹೋಗುತ್ತದೆ. ಯಾವ ದೂರೂ ಕೇಳಿಬರುವುದಿಲ್ಲ. ಆ ಡಿಸ್ಕ್ ಕೆಟ್ಟ ದಿನ ಮೂಲವೂ ಪ್ರತಿಯೂ ಒಟ್ಟಿಗೇ ಹೋಗುತ್ತವೆ. ಮುಂದೆ ಮೌಂಟ್ ಸರಿಹೋದಾಗ, ಮಧ್ಯಕಾಲದಲ್ಲಿ ಬರೆದ ಕಡತಗಳು ಮಾಯವಾದಂತೆ ಕಾಣುತ್ತವೆ. ಅವು ಅಳಿದಿರುವುದಿಲ್ಲ, ಮೌಂಟ್ ಬಿಡಿಸಿದರೆ ಅಡಿಯಲ್ಲಿ ದೊರೆಯುತ್ತವೆ.

ಇದನ್ನು ತಡೆಯಲು ಕ್ರಮವಿಧಿಯು ಬರೆಯುವ ಮೊದಲು ಮೌಂಟ್‌ಪಾಯಿಂಟ್ ಅಥವಾ ಫೈಂಡ್‌ಎಂಎನ್‌ಟಿ ಆಜ್ಞೆಯಿಂದ ಜೋಡಣೆಯನ್ನು ದೃಢಪಡಿಸಿಕೊಂಡು, ಇಲ್ಲದಿದ್ದರೆ ನಿಲ್ಲಬೇಕು. ನೋಫೇಲ್ ಆಯ್ಕೆಯನ್ನು ಬಳಸಿರುವಲ್ಲಿ ಈ ಎಚ್ಚರಿಕೆ ಇನ್ನೂ ಅಗತ್ಯ.

ಅಪಾಯಕರ ಪರಿಹಾರಗಳು

ಕಾರಣ ತಿಳಿಯದಾಗ ಫೈರ್‌ವಾಲ್ ಅನ್ನು ಪೂರ್ಣವಾಗಿ ನಿಲ್ಲಿಸುವುದು, ಅನುಮತಿಪಟ್ಟಿಯಲ್ಲಿ ನಕ್ಷತ್ರ ಚಿಹ್ನೆ ಹಾಕಿ ಎಲ್ಲ ಗಣಕಗಳಿಗೂ ಬಾಗಿಲು ತೆರೆಯುವುದು, ರೂಟ್ ಸ್ಕ್ವಾಷ್ ನಿಯಮವನ್ನು ತೆಗೆದುಹಾಕುವುದು, ಎಲ್ಲರಿಗೂ ಬರೆಯುವ ಅನುಮತಿಯಾದ 777 ಅನ್ನು ನೀಡುವುದು ರೂಢಿಯಲ್ಲಿವೆ. ಇವುಗಳಿಂದ ಮೌಂಟ್ ನಡೆಯಬಹುದು. ಆದರೆ ಬೀಗ ತೆಗೆಯಲಾಗದೆ ಬಾಗಿಲನ್ನೇ ಕಿತ್ತಂತಾಗುತ್ತದೆ. ಕೆರ್ಬೆರೋಸ್ ಇಲ್ಲದ ಎನ್‌ಎಫ್‌ಎಸ್, ಕ್ಲೈಂಟ್ ಹೇಳಿದ ಯುಐಡಿ ಸಂಖ್ಯೆಯನ್ನು ಹಾಗೆಯೇ ನಂಬುತ್ತದೆ. ತನ್ನ ಗಣಕದಲ್ಲಿ ರೂಟ್ ಅಧಿಕಾರವುಳ್ಳ ಯಾರೇ ಆದರೂ ಬೇಕಾದ ಸಂಖ್ಯೆಯನ್ನು ಧರಿಸಿ ಇತರರ ಕಡತಗಳನ್ನು ತೆರೆಯಬಲ್ಲರು. ಆದ್ದರಿಂದ ಪರೀಕ್ಷೆಗಾಗಿ ಒಂದು ತಡೆಯನ್ನು ಸಡಿಲಿಸಿದರೂ, ಕಾರಣ ಗೊತ್ತಾದ ಕೂಡಲೇ ಅದನ್ನು ಮರಳಿ ಸ್ಥಾಪಿಸಿ, ಬೇಕಾದ ಪೋರ್ಟ್‌ಗೆ ಮತ್ತು ಬೇಕಾದ ಗಣಕಕ್ಕೆ ಮಾತ್ರ ಅನುಮತಿ ನೀಡುವುದು ಸರಿಯಾದ ಕ್ರಮ.