ಕಾರಿನ ಗಾಜಿಗೆ ಅಂಟಿದ ತೆಳುಹಾಳೆ

ಬೇಸಗೆಯ ಮಧ್ಯಾಹ್ನ ಬಯಲಿನಲ್ಲಿ ನಿಲ್ಲಿಸಿದ್ದ ಕಾರಿನ ಬಾಗಿಲನ್ನು ತೆರೆದೊಡನೆ ಒಳಗಿನಿಂದ ಮುಖಕ್ಕೆ ರಾಚುವ ಝಳ ಯಾರಿಗೂ ಹೊಸದಲ್ಲ. ಈ ಝಳವನ್ನು ತಗ್ಗಿಸಲೆಂದು ಗಾಜಿನ ಒಳಮೈಗೆ ಅಂಟಿಸುವ ತೆಳುಹಾಳೆಯನ್ನು ನಮ್ಮಲ್ಲಿ ಕೆಲವರು ಸನ್ ಫಿಲ್ಮ್ ಎಂದೂ ಕೆಲವರು ಕೂಲಿಂಗ್ ಪೇಪರ್ ಎಂದೂ ಕರೆಯುತ್ತಾರೆ. ಅದನ್ನು ಅಂಟಿಸುವುದು ಬಣ್ಣದ ಕಾಗದವನ್ನು ಅಂಟಿಸಿದಷ್ಟೇ ಸುಲಭವೆಂದು ನಾನೂ ಬಹುಕಾಲ ಭಾವಿಸಿದ್ದೆ. ಆ ಭಾವನೆ ತಪ್ಪೆಂದು ತಿಳಿದದ್ದು ಒಂದು ಕಹಿ ಪ್ರಸಂಗದಿಂದ.

ನಾನು ಹಳೆಯ ಕಾರೊಂದನ್ನು ಕೊಂಡಿದ್ದೆ. ಹಿಂದಿನ ಒಡೆಯರು ಅದರ ಕಿಟಕಿಗಳಿಗೆ ಕಡುಗಪ್ಪು ಹಾಳೆಯನ್ನು ಅಂಟಿಸಿದ್ದರು. ಹಗಲಿನಲ್ಲಿ ಅದರಿಂದ ಯಾವ ತೊಂದರೆಯೂ ಕಾಣಲಿಲ್ಲ. ಬಿಸಿಲು ಕಣ್ಣಿಗೆ ಚುಚ್ಚದಿದ್ದುದು ಹಿತವೆಂದೇ ಅನಿಸಿತು. ಒಂದು ಸಂಜೆ, ಮಳೆ ಹನಿಯುತ್ತಿರುವಾಗ, ಮನೆಯ ಬೀದಿಗೆ ಎಡಕ್ಕೆ ತಿರುಗಿಸುತ್ತಿದ್ದೆ. ಕಾರಿನ ಪಕ್ಕಕ್ಕೆ ಯಾರೋ ಪಟಪಟನೆ ಬಡಿದ ಸದ್ದಾಯಿತು. ಇಳಿದು ನೋಡಿದರೆ ಕರಿಯ ಕಂಬಳಿ ಹೊದ್ದ ವೃದ್ಧರೊಬ್ಬರು, ಚಕ್ರದಿಂದ ಒಂದು ಗೇಣಿನ ದೂರದಲ್ಲಿ. "ಕಣ್ಣು ಕಾಣಿಸಲ್ವೇನಪ್ಪ ನಿನಗೆ?" ಎಂದರು. ದೇವರ ದಯೆಯಿಂದ ಅವರಿಗೆ ಏನೂ ಆಗಿರಲಿಲ್ಲ. ಎಂಟು ವರ್ಷಗಳಿಂದ ತರಗತಿಯಲ್ಲಿ ಬೆಳಕಿನ ಪಾಠ ಹೇಳುತ್ತಿರುವ ನನ್ನ ಬಳಿ ಅವರ ಪ್ರಶ್ನೆಗೆ ಉತ್ತರವಿರಲಿಲ್ಲ. ಮುಂದಿನ ರಜೆಯ ದಿನವೇ ಆ ಹಾಳೆಯನ್ನು ತೆಗೆಸಲೆಂದು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದಕ್ಕೆ ಹೋದೆ. ಅಲ್ಲಿ ಅರ್ಧ ದಿನ ಕುಳಿತು ನೋಡಿದುದನ್ನೂ, ಅದರ ಹಿಂದಿರುವ ಭೌತವಿಜ್ಞಾನವನ್ನೂ ಇಲ್ಲಿ ಬರೆದಿದ್ದೇನೆ.

ಬಿಸಿಲು ಒಳಗೆ ಬರುವ ಬಗೆ

ನೆಲವನ್ನು ತಲಪುವ ಸೂರ್ಯನ ಶಕ್ತಿಯನ್ನು ನೂರು ಪಾಲು ಮಾಡಿದರೆ, ಸುಮಾರು 5 ಪಾಲು ಅತಿನೇರಿಳೆ ಕಿರಣಗಳು, 43 ಪಾಲು ಕಣ್ಣಿಗೆ ಕಾಣುವ ಬೆಳಕು, ಉಳಿದ 52 ಪಾಲು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು. ಗಾಜು ಕಾಣುವ ಬೆಳಕನ್ನಷ್ಟೇ ಅಲ್ಲ, ಸುಮಾರು 2,500 ನ್ಯಾನೊಮೀಟರುಗಳ ತರಂಗಾಂತರದವರೆಗಿನ ಅವಕೆಂಪು ಕಿರಣಗಳ ಬಹುಭಾಗವನ್ನೂ ಒಳಗೆ ಬಿಡುತ್ತದೆ. ಇವನ್ನು ಹೀರಿ ಆಸನಗಳೂ ಎದುರಿನ ಹಲಗೆಯೂ ಕಾಯುತ್ತವೆ. ಕಾದ ವಸ್ತುಗಳು ತಾವೂ ಕಿರಣಗಳನ್ನು ಹೊರಸೂಸುತ್ತವಷ್ಟೆ? ಆದರೆ 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಆಸನ ಸೂಸುವ ಕಿರಣಗಳ ಪ್ರಧಾನ ತರಂಗಾಂತರ ಸುಮಾರು 8,700 ನ್ಯಾನೊಮೀಟರು. ಈ ಕಿರಣಗಳಿಗೆ ಗಾಜು ಗೋಡೆಯಂತೆ ಅಪಾರಕ. ಬಂದ ಶಕ್ತಿ ಬಂದ ದಾರಿಯಲ್ಲಿ ಹಿಂದಿರುಗಲಾರದು.

ಆದರೆ ಇದೊಂದೇ ಕಾರಣವೆಂದು ತಿಳಿಯಬಾರದು. ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯೂ. ವುಡ್ 1909ರಲ್ಲಿ ಎರಡು ಪೆಟ್ಟಿಗೆಗಳನ್ನು ಬಿಸಿಲಿನಲ್ಲಿಟ್ಟು ಪ್ರಯೋಗ ಮಾಡಿದನು. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಅವಕೆಂಪನ್ನು ಧಾರಾಳವಾಗಿ ಬಿಡುವ ಕಲ್ಲುಪ್ಪಿನ ಫಲಕದ ಮುಚ್ಚಳ. ಎರಡೂ ಹೆಚ್ಚುಕಡಿಮೆ ಒಂದೇ ಸಮನಾಗಿ ಕಾದುವು. ಮುಚ್ಚಿದ ಪೆಟ್ಟಿಗೆಯಿಂದ ಬಿಸಿಗಾಳಿ ಮೇಲೇರಿ ಹೊರಹೋಗಲಾರದು ಎಂಬುದೇ ಮುಖ್ಯ ಕಾರಣವೆಂದು ಅವನು ತೋರಿಸಿದನು. ಕಾರೂ ಇಂಥ ಪೆಟ್ಟಿಗೆಯೇ. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಸೆಲ್ಸಿಯಸ್ ಡಿಗ್ರಿಗಳಷ್ಟು ಏರಿತು. ಈ ಏರಿಕೆಯ ಶೇಕಡ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಯಾವ ಹಾಳೆಯನ್ನು ಅಂಟಿಸಿದ್ದರೂ ಮುಚ್ಚಿದ ಕಾರಿನಲ್ಲಿ ಮಗುವನ್ನು ಬಿಟ್ಟುಹೋಗುವುದು ಪ್ರಾಣಾಪಾಯವೆಂಬುದನ್ನು ಮರೆಯಬಾರದು.

ಅತಿನೇರಿಳೆಯ ಪಾಲು ಚಿಕ್ಕದಾದರೂ ಕಡೆಗಣಿಸತಕ್ಕದ್ದಲ್ಲ. ಮುಂಭಾಗದ ಗಾಜು ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರವನ್ನಿಟ್ಟು ಮಾಡಿದ್ದು. ಅದು ಅತಿನೇರಿಳೆಯನ್ನು ಬಹುಮಟ್ಟಿಗೆ ತಡೆಯುತ್ತದೆ. ಪಕ್ಕದ ಗಾಜು ಹದಗೊಳಿಸಿದ ಒಂಟಿ ಗಾಜು. ಅದರ ಮೂಲಕ ಉದ್ದ ತರಂಗಾಂತರದ ಅತಿನೇರಿಳೆ ಸಾಕಷ್ಟು ಒಳಬರುತ್ತದೆ. 28 ವರ್ಷ ಲಾರಿ ಓಡಿಸಿದ್ದ 69 ವಯಸ್ಸಿನ ಚಾಲಕನೊಬ್ಬನ ಚಿತ್ರ 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಕಿಟಕಿಯ ಕಡೆಗಿದ್ದ ಅವನ ಎಡಗೆನ್ನೆ ಬಲಗೆನ್ನೆಗಿಂತ ಎಷ್ಟೋ ವರ್ಷ ಹೆಚ್ಚು ಮುದಿಯಾದಂತೆ ಸುಕ್ಕುಗಟ್ಟಿತ್ತು. ಒಳ್ಳೆಯ ಹಾಳೆ, ಅದು ಕಪ್ಪಾಗಿರಲಿ ತಿಳಿಯಾಗಿರಲಿ, ಈ ಕಿರಣಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತಡೆಯಬಲ್ಲದು.

ಹಾಳೆ ಮತ್ತು ಅದರ ಪ್ರದರ್ಶನ

ಹಾಳೆಯ ಮೈ ಪಾಲಿಯೆಸ್ಟರಿನದು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನವಿಜ್ಞಾನಿಗಳು ಬಟ್ಟೆಯ ನೂಲಿಗೆಂದು ಕಂಡುಹಿಡಿದ ವಸ್ತುವೇ ಇದು. ದಪ್ಪ ಸುಮಾರು 0.05 ಮಿಲಿಮೀಟರು. ಒಂದು ಮುಖದಲ್ಲಿ ಗೀರು ಬೀಳದಂತೆ ಗಟ್ಟಿ ಲೇಪ, ಇನ್ನೊಂದು ಮುಖದಲ್ಲಿ ಅಂಟು, ಅಂಟನ್ನು ಮುಚ್ಚುವ ತಿಳಿಯಾದ ಹೊದಿಕೆ. ಅಗ್ಗದ ಹಾಳೆಯಲ್ಲಿ ಬಣ್ಣ ಮಾತ್ರ ಇರುತ್ತದೆ. ಅದು ಕೆಲವು ವರ್ಷಗಳಲ್ಲಿ ಬಿಸಿಲಿಗೆ ಮಾಸಿ ನೇರಿಳೆಗೆ ತಿರುಗುವುದನ್ನು ಹಳೆಯ ಕಾರುಗಳಲ್ಲಿ ಕಾಣಬಹುದು. ಲೋಹದ ಅತಿ ತೆಳುವಾದ ಲೇಪವಿರುವ ಹಾಳೆ ಬಿಸಿಲನ್ನು ಪ್ರತಿಫಲಿಸುತ್ತದೆ. ಆದರೆ ಲೋಹವು ರೇಡಿಯೊ ತರಂಗಗಳಿಗೂ ಅಡ್ಡಿ ಮಾಡುವುದರಿಂದ ಮೊಬೈಲಿಗೂ ಫಾಸ್ಟ್ಯಾಗಿಗೂ ತೊಡಕಾಗಬಹುದು. ಸೆರಾಮಿಕ್ ಹಾಳೆಯಲ್ಲಿ ಅವಕೆಂಪನ್ನು ತಡೆಯುವ, ಆದರೆ ಕಾಣುವ ಬೆಳಕನ್ನು ಬಹುಮಟ್ಟಿಗೆ ಬಿಡುವ ಸೂಕ್ಷ್ಮ ಕಣಗಳಿರುತ್ತವೆ.

ಅಂಗಡಿಗಳಲ್ಲಿ ಕೆಂಪಗೆ ಉರಿಯುವ ದೀಪವೊಂದರ ಮುಂದೆ ಹಾಳೆಯನ್ನು ಹಿಡಿದು, ಅದರ ಹಿಂದೆ ಗಿರಾಕಿಯ ಅಂಗೈಯನ್ನು ಇಡಿಸುತ್ತಾರೆ. ಶಾಖವೇ ತಾಗದು. "ನೂರಕ್ಕೆ ತೊಂಬತ್ತೇಳು ತಡೆಯುತ್ತೆ ಸಾರ್" ಎನ್ನುತ್ತಾರೆ. ಮಾತು ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಆ ದೀಪದ ಶಕ್ತಿಯಲ್ಲಿ ಬಹುಪಾಲು ಅವಕೆಂಪೇ. ಸೂರ್ಯನ ಶಕ್ತಿಯಲ್ಲಾದರೋ ಸುಮಾರು ಅರ್ಧದಷ್ಟು ಮಾತ್ರ. ಗಾಜಿನ ಪ್ರಭಾವವನ್ನು ಬದಿಗಿಟ್ಟು ಲೆಕ್ಕ ಹಾಕಿರಿ: ಒಂದು ಹಾಳೆ ಅವಕೆಂಪನ್ನೂ ಅತಿನೇರಿಳೆಯನ್ನೂ ಪೂರ್ತಿಯಾಗಿ ತಡೆದು ಕಾಣುವ ಬೆಳಕನ್ನೆಲ್ಲ ಬಿಟ್ಟರೆ, ತಡೆದದ್ದು 52 ಮತ್ತು 5, ಒಟ್ಟು 57 ಪಾಲು. ಇದಲ್ಲದೆ ಹಾಳೆ ಹೀರಿದ ಶಾಖದಲ್ಲಿ ಒಂದಂಶ ಗಾಜಿನಿಂದ ಒಳಕ್ಕೇ ಮರಳುತ್ತದೆ. ಆದುದರಿಂದ ಕೊಳ್ಳುವವನು ಕೇಳಬೇಕಾದುದು ಅವಕೆಂಪಿನ ಅಂಕಿಯನ್ನಲ್ಲ, ಸೂರ್ಯನ ಒಟ್ಟು ಶಕ್ತಿಯಲ್ಲಿ ಎಷ್ಟನ್ನು ತಡೆಯುತ್ತದೆಂಬ ಅಂಕಿಯನ್ನು.

ಮೇಸ್ತ್ರಿಯ ಕೆಲಸ

ನನ್ನ ಕಾರಿನ ಸರದಿ ಬರುವವರೆಗೆ ಪಕ್ಕದ ಕಾರಿನ ಕೆಲಸವನ್ನು ನೋಡುತ್ತ ಕುಳಿತೆ. ಅಂಗಡಿಯ ಬಾಗಿಲನ್ನು ಅರ್ಧ ಎಳೆದಿದ್ದರು, ಫ್ಯಾನನ್ನು ನಿಲ್ಲಿಸಿದ್ದರು, ನೆಲಕ್ಕೆ ನೀರು ಚಿಮುಕಿಸಿದ್ದರು. ಇದೆಲ್ಲ ಧೂಳಿನ ಭಯದಿಂದ. ಗಾಜಿಗೂ ಹಾಳೆಗೂ ನಡುವೆ ಒಂದು ಕಣ ಸಿಕ್ಕಿಕೊಂಡರೆ, ಅದು ಗುಡಾರದ ಕಂಬದಂತೆ ಹಾಳೆಯನ್ನು ಎತ್ತಿಹಿಡಿಯುತ್ತದೆ. ಸುತ್ತಲೂ ಕಣಕ್ಕಿಂತ ಹಲವು ಪಟ್ಟು ಅಗಲವಾದ ಬೊಬ್ಬೆ ಏಳುತ್ತದೆ. ಇತರರಿಗೆ ತಂಪನ್ನು ಒದಗಿಸುವ ಈ ಕೆಲಸಗಾರರು ತಾವು ಮಾತ್ರ ಗಾಳಿಯಿಲ್ಲದ ಸೆಕೆಯಲ್ಲಿ, ಹಿಂದಿನ ಆಸನದ ಮೇಲೆ ಮಂಡಿಯೂರಿ, ಕತ್ತು ಓರೆ ಮಾಡಿ ಗಂಟೆಗಟ್ಟಲೆ ದುಡಿಯುತ್ತಾರೆ.

ಮೇಸ್ತ್ರಿ ಮೊದಲು ಗಾಜಿಗೆ ಸೋಪಿನ ನೀರು ಸಿಂಪಡಿಸಿ ಬ್ಲೇಡಿನಿಂದ ಹೆರೆದು ಶುಚಿ ಮಾಡಿದರು. ಅನಂತರ ಹಿಂಭಾಗದ ಗಾಜಿನ ಹೊರಮೈ ಮೇಲೆ ಹಾಳೆಯನ್ನು ಹಾಸಿದರು. ಹಾಳೆ ಚಪ್ಪಟೆ, ಗಾಜು ಎರಡೂ ದಿಕ್ಕಿಗೆ ಬಾಗಿದ್ದು. ಗಡಿಗೆಯ ಹೊಟ್ಟೆಗೆ ಕಾಗದವನ್ನು ಸುಕ್ಕಿಲ್ಲದೆ ಅಂಟಿಸಲು ಯತ್ನಿಸಿದವರಿಗೆ ಇಲ್ಲಿನ ಕಷ್ಟ ತಿಳಿಯುತ್ತದೆ. ಚಪ್ಪಟೆ ಹಾಳೆಯನ್ನು ಹಿಗ್ಗಿಸದೆ ಕುಗ್ಗಿಸದೆ ಇಂಥ ಮೈಗೆ ಹೊಂದಿಸಲು ಸಾಧ್ಯವೇ ಇಲ್ಲವೆಂಬುದು ಗಣಿತಜ್ಞ ಗೌಸ್ 1827ರಲ್ಲಿ ಮಂಡಿಸಿದ ಪ್ರಮೇಯದಿಂದ ಹೊರಡುವ ಸಂಗತಿ. ಭೂಪಟಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ವಕ್ರವಾಗುವುದಕ್ಕೂ ಇದೇ ಕಾರಣ.

ಹಾಗಾದರೆ ಮೇಸ್ತ್ರಿ ಮಾಡುವುದೇನು? ಹಾಳೆಯನ್ನು ಕುಗ್ಗಿಸುವುದು. ಕಾರ್ಖಾನೆಯಲ್ಲಿ ಪಾಲಿಯೆಸ್ಟರನ್ನು ಎಳೆದು ಹಿಗ್ಗಿಸಿ ತಣಿಸಿರುತ್ತಾರೆ; ಅದರ ಉದ್ದನೆಯ ಅಣುಗಳು ಎಳೆದ ಸ್ಥಿತಿಯಲ್ಲೇ ಸೆರೆಯಾಗಿರುತ್ತವೆ. ಸುಮಾರು 75 ಡಿಗ್ರಿಗಿಂತ ಹೆಚ್ಚು ಕಾಯಿಸಿದರೆ ಅಣುಗಳಿಗೆ ಅಲುಗಾಡುವ ಸ್ವಾತಂತ್ರ್ಯ ದೊರೆತು ಅವು ಮುದುಡಲು ತೊಡಗುತ್ತವೆ. ಹೀಟ್ ಗನ್ನಿನ ಬಿಸಿಗಾಳಿ ತಾಗಿದೊಡನೆ ಅಂಚಿನ ಸುಕ್ಕುಗಳು ಒಂದೊಂದಾಗಿ ಇಲ್ಲವಾಗುವುದನ್ನು ನೋಡಿ ನಾನು ಬೆರಗಾದೆ. ಆದರೆ ಹಾಳೆ ಸುರುಳಿಯ ಉದ್ದದ ದಿಕ್ಕಿನಲ್ಲೇ ಚೆನ್ನಾಗಿ ಕುಗ್ಗುತ್ತದೆ. ಆದ್ದರಿಂದ ಸುಕ್ಕುಗಳನ್ನೆಲ್ಲ ಆ ದಿಕ್ಕಿನಲ್ಲಿ ಕುಗ್ಗಿಸಬಹುದಾದೆಡೆಗೆ ಕೈಯಿಂದ ಸರಿಸಿಕೊಂಡು, ಆಮೇಲೆ ಕಾಯಿಸಬೇಕು. ಬಿಸಿಯನ್ನು ಒಂದೇ ಕಡೆ ನಿಲ್ಲಿಸಿದರೆ ಹಾಳೆ ಸುಡುತ್ತದೆ. ಅಸಮವಾಗಿ ಹಿಗ್ಗಿ ಗಾಜೇ ಒಡೆಯಲೂ ಬಹುದು. ಆದುದರಿಂದ ಅವರ ಕೈ ಒಂದು ಕ್ಷಣವೂ ನಿಲ್ಲಲಿಲ್ಲ.

ಆಕಾರ ಕುದುರಿದ ಹಾಳೆಯನ್ನು ಒಳಕ್ಕೆ ಒಯ್ದು, ಹೊದಿಕೆಯನ್ನು ಸುಲಿಯುತ್ತಿದ್ದಂತೆಯೇ ಸಹಾಯಕ ಹುಡುಗ ಸೋಪಿನ ನೀರನ್ನು ಸಿಂಪಡಿಸುತ್ತ ಹೋದನು. ಸುಲಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತು ಗಾಳಿಯ ಧೂಳನ್ನೆಲ್ಲ ಸೆಳೆಯುತ್ತದೆ. ನೀರು ಅದನ್ನು ತಡೆಯುತ್ತದೆ. ಸೋಪಿಗೆ ಬೇರೆ ಕೆಲಸವೂ ಉಂಟು. ಅದು ನೀರಿನ ಮೇಲ್ಮೈ ಎಳೆತವನ್ನು ಅರ್ಧಕ್ಕಿಂತ ಕಡಿಮೆ ಮಾಡುವುದರಿಂದ ನೀರು ಹನಿಹನಿಯಾಗಿ ನಿಲ್ಲದೆ ತೆಳುವಾಗಿ ಹರಡುತ್ತದೆ. ಅಂಟು ಗಾಜನ್ನು ಕೂಡಲೇ ಹಿಡಿಯದೆ ಹಾಳೆ ಜಾರುತ್ತದೆ. ಸರಿಯಾದ ಸ್ಥಳಕ್ಕೆ ಜಾರಿಸಿಕೊಂಡು ರಬ್ಬರಿನ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಒತ್ತಿ ನೀರನ್ನು ಹೊರದೂಡಿದರು. ಉಳಿದ ತೇವ ಪಾಲಿಯೆಸ್ಟರಿನ ಮೂಲಕ ಆವಿಯಾಗಿ ನಿಧಾನವಾಗಿ ಹೊರಹೋಗಬೇಕು. "ಮೂರು ದಿನ ಗ್ಲಾಸು ಇಳಿಸಬೇಡಿ ಸಾರ್" ಎಂದು ಗಿರಾಕಿಗೆ ಹೇಳಿದುದು ಇದಕ್ಕಾಗಿಯೇ.

ಕತ್ತಲೆಯ ಲೆಕ್ಕ

ನನ್ನ ಕಾರಿನ ಸರದಿ ಬಂದಾಗ ಮೇಸ್ತ್ರಿ ಚಿಕ್ಕ ಮೀಟರನ್ನು ತಂದರು. ಗಾಜಿನ ಒಂದು ಮಗ್ಗುಲಲ್ಲಿ ದೀಪ, ಇನ್ನೊಂದು ಮಗ್ಗುಲಲ್ಲಿ ಬೆಳಕನ್ನು ಅಳೆಯುವ ಕಣ್ಣು. ಗಾಜಿಲ್ಲದಾಗ 100 ತೋರಿಸಿದ ಮೀಟರು ನನ್ನ ಕಿಟಕಿಯಲ್ಲಿ 18 ತೋರಿಸಿತು. ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮದಂತೆ ಮುಂದಿನ ಮತ್ತು ಹಿಂದಿನ ಗಾಜುಗಳು ಶೇಕಡ 70ಕ್ಕೆ ಕಡಿಮೆಯಿಲ್ಲದಂತೆ, ಪಕ್ಕದವು 50ಕ್ಕೆ ಕಡಿಮೆಯಿಲ್ಲದಂತೆ ಬೆಳಕನ್ನು ಬಿಡಬೇಕು.

ಇಲ್ಲಿ ಬಹುಮಂದಿ ಎಡವುವ ಲೆಕ್ಕವೊಂದಿದೆ. ಬರಿಯ ಗಾಜೇ ಬೆಳಕನ್ನೆಲ್ಲ ಬಿಡುವುದಿಲ್ಲ. ಗಾಜು 78 ಬಿಟ್ಟು, ಅದಕ್ಕೆ 50ರ ಹಾಳೆ ಅಂಟಿಸಿದರೆ ಬರುವುದು 50 ಅಲ್ಲ, 0.78ನ್ನು 0.50ರಿಂದ ಗುಣಿಸಿದ 0.39, ಅಂದರೆ 39. ನಿಯಮ ಮುರಿದಂತಾಯಿತು. 70ರ ಹಾಳೆಯಾದರೆ ಸುಮಾರು 55 ಉಳಿಯುತ್ತದೆ.

ಹಗಲಿನಲ್ಲಿ ಕಡುಗಪ್ಪು ಹಾಳೆಯೂ ತೊಂದರೆ ಕೊಡದಿರುವುದೇಕೆ? ಬೆಳಕು ಕಡಿಮೆಯಾದರೆ ಕಣ್ಣಿನ ಪಾಪೆ ಅಗಲವಾಗಿ ಅದನ್ನು ಸರಿದೂಗಿಸುತ್ತದೆ. ಅಲ್ಲದೆ ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಅನುಪಾತದಿಂದ ಅರಿಯುತ್ತದೆ. ಎಲ್ಲವೂ ಒಂದೇ ಪ್ರಮಾಣದಲ್ಲಿ ಮಂಕಾದರೆ ನೋಟ ಬದಲಾದಂತೆ ತೋರುವುದಿಲ್ಲ. ಸಂಜೆಯಾದರೋ ಪಾಪೆ ಆಗಲೇ ಸಾಕಷ್ಟು ಅರಳಿರುತ್ತದೆ. ಕರಿಯ ಕಂಬಳಿ ತನ್ನ ಮೇಲೆ ಬಿದ್ದ ಅಲ್ಪ ಬೆಳಕಿನಲ್ಲಿ ಹಿಂದಿರುಗಿಸುವುದೇ ಅತ್ಯಲ್ಪ. ಅದರಲ್ಲಿ ನೂರಕ್ಕೆ 82ನ್ನು ನನ್ನ ಕಿಟಕಿ ನುಂಗಿತ್ತು. ಆ ವೃದ್ಧರ ಪ್ರಶ್ನೆಗೆ ಇದೇ ಉತ್ತರ: ನಿಜ, ನನಗೆ ಕಣ್ಣು ಕಾಣುತ್ತಿರಲಿಲ್ಲ; ಮತ್ತು ಕಾಣುತ್ತಿಲ್ಲವೆಂಬುದೂ ತಿಳಿದಿರಲಿಲ್ಲ.

2012ರ ಏಪ್ರಿಲ್ 27ರಂದು ಸರ್ವೋಚ್ಚ ನ್ಯಾಯಾಲಯ, ಯಾವ ಪ್ರಮಾಣದ್ದೇ ಆಗಲಿ, ಗಾಜಿನ ಮೇಲೆ ಹಾಳೆ ಅಂಟಿಸಬಾರದೆಂದು ತೀರ್ಪಿತ್ತಿತು. "ಆಗ ವಾರಗಟ್ಟಲೆ ಅಂಟಿಸಿದ್ದನ್ನೇ ಕಿತ್ತೆವು ಸಾರ್. ಆಮೇಲೆ ಕೀಳೋದಕ್ಕೂ ಕೆಲಸ ಉಳಿಯಲಿಲ್ಲ" ಎಂದರು ಮೇಸ್ತ್ರಿ. ಕೆಲವು ಕಾಲ ಅವರು ಆಸನದ ಹೊದಿಕೆ ಹೊಲಿಯುವ ಕಡೆ ದುಡಿದರಂತೆ. 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಒಳಮೈಗೆ ಪ್ಲಾಸ್ಟಿಕ್ ಪದರವಿರುವ ಸುರಕ್ಷಾ ಗಾಜಿಗೂ ಸ್ಥಾನ ದೊರೆಯಿತು. ಇದನ್ನು ಆಧರಿಸಿ, 70 ಮತ್ತು 50ರ ಮಿತಿಯೊಳಗಿನ ಹಾಳೆಗೆ ದಂಡ ಹಾಕಲಾಗದೆಂದು 2024ರಲ್ಲಿ ಕೇರಳದ ಉಚ್ಚ ನ್ಯಾಯಾಲಯ ತೀರ್ಪಿತ್ತಿತು.

ನನ್ನ ಕಾರಿನ ಹಾಳೆಯನ್ನು ಆವಿಯಿಂದ ಅಂಟು ಮೆದುವಾಗಿಸಿ ಮೆಲ್ಲಮೆಲ್ಲನೆ ಸುಲಿದರು. ಹಿಂದಿನ ಗಾಜಿನಲ್ಲಿ ಮಂಜನ್ನು ಕರಗಿಸುವ ತೆಳು ವಿದ್ಯುತ್ ಗೆರೆಗಳಿರುವುದರಿಂದ ಅಲ್ಲಿ ಬ್ಲೇಡನ್ನು ಮುಟ್ಟಲೇ ಇಲ್ಲ. ಕೊನೆಗೆ ಮೀಟರು 79 ತೋರಿಸಿತು. "ಇನ್ನೂ ಕಪ್ಪಗೆ ಬೇಕು ಅಂತಾನೇ ಎಲ್ಲರೂ ಕೇಳ್ತಾರೆ ಸಾರ್. ಈ ಮೀಟರ್ ಇಟ್ಟು ತೋರಿಸಿದರೆ ಕೆಲವರು ಒಪ್ತಾರೆ, ಕೆಲವರು ಬೇರೆ ಅಂಗಡಿಗೆ ಹೋಗ್ತಾರೆ" ಎಂದರು. ಹೋದವರ ಹಣವೂ ಅವರೊಡನೆ ಹೋಗುತ್ತದೆಂಬುದನ್ನು ಅವರು ಹೇಳಬೇಕಾಗಿರಲಿಲ್ಲ. ಗುಣಾಕಾರದ ಆ ಸಣ್ಣ ಲೆಕ್ಕವನ್ನು ಗಿರಾಕಿಗಳೂ ಕಲಿತಿದ್ದರೆ ಆ ನಷ್ಟ ಅವರೊಬ್ಬರ ಪಾಲಿಗೇ ಬರುತ್ತಿರಲಿಲ್ಲ. ಅಂದು ಸಂಜೆ ಅದೇ ತಿರುವಿನಲ್ಲಿ, ಬೀದಿಯ ಅಂಚಿನಲ್ಲಿ ನಡೆಯುತ್ತಿದ್ದವರೆಲ್ಲರೂ ನನಗೆ ಕಂಡರು.