ಖಾಲಿ ಸೀಟಿನ ಬೆಲೆ ಎಷ್ಟು?

ಮಕ್ಕಳೇ, ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಜೊತೆ ಸಂತೆಗೆ ಹೋಗಿದ್ದೀರಾ? ಬೆಳಿಗ್ಗೆ ಜಾಸ್ತಿ ಇದ್ದ ಸೊಪ್ಪಿನ ಬೆಲೆ ಸಂಜೆ ಹೊತ್ತಿಗೆ ಇಳಿದಿರುತ್ತೆ. ನಾಳೆಗೆ ಸೊಪ್ಪು ಬಾಡಿಹೋಗುತ್ತೆ, ಅದಕ್ಕೇ ಮಾರುವವರು ಸಿಕ್ಕಷ್ಟಕ್ಕೆ ಕೊಟ್ಟುಬಿಡುತ್ತಾರೆ. ನಾಟಕದ ಸೀಟೂ ಹಾಗೇ. ಪರದೆ ಎದ್ದ ಮೇಲೆ ಆ ದಿನದ ಖಾಲಿ ಸೀಟನ್ನು ಯಾರಿಗೂ ಮಾರೋಕೆ ಆಗಲ್ಲ.

ನಮ್ಮ ಪಕ್ಕದ ನ್ಯೂಯಾರ್ಕ್ ನಗರದಲ್ಲಿ ಹಾಡು, ಕುಣಿತ, ಕಥೆ ಎಲ್ಲಾ ಸೇರಿದ ಮ್ಯೂಸಿಕಲ್‌ಗಳು ವರ್ಷವಿಡೀ ನಡೆಯುತ್ತವೆ. 500 ಅಥವಾ ಹೆಚ್ಚು ಸೀಟುಗಳಿದ್ದರೆ ಅದು ಬ್ರಾಡ್‌ವೇ ಥಿಯೇಟರ್. 100ರಿಂದ 499 ಸೀಟುಗಳಿದ್ದರೆ ಆಫ್-ಬ್ರಾಡ್‌ವೇ. ಚಿಕ್ಕ ಥಿಯೇಟರಿನಲ್ಲಿ ಕೊನೆಯ ಸಾಲಿನಲ್ಲಿ ಕೂತರೂ ನಟರ ಮುಖ ಚೆನ್ನಾಗಿ ಕಾಣುತ್ತೆ. ನಾವು ನಕ್ಕರೆ ಅವರಿಗೂ ಕೇಳಿಸುತ್ತೆ.

ಗ್ರೀನ್‌ವಿಚ್ ವಿಲೇಜಿನಲ್ಲಿ ಸುಮಾರು 150 ಸೀಟುಗಳ ಒಂದು ಥಿಯೇಟರ್ ಇತ್ತು. ಅಲ್ಲಿ 1960ರಲ್ಲಿ ಶುರುವಾದ ‘ದಿ ಫೆಂಟಾಸ್ಟಿಕ್ಸ್’ ಅನ್ನೋ ಮ್ಯೂಸಿಕಲ್ 2002ರವರೆಗೆ ಓಡಿತು. ಒಟ್ಟು 17,162 ಪ್ರದರ್ಶನಗಳು! ವಾದ್ಯ ಅಂದರೆ ಒಂದು ಪಿಯಾನೋ, ಒಂದು ಹಾರ್ಪ್, ಅಷ್ಟೇ. ಇಷ್ಟು ಚಿಕ್ಕ ಜಾಗದಲ್ಲಿ ಇಪ್ಪತ್ತು ಸೀಟು ಖಾಲಿ ಉಳಿದರೂ ಎದ್ದು ಕಾಣುತ್ತೆ. ಜನ ಕಡಿಮೆ ಬಂದರು ಅಂತ ಬಾಡಿಗೆಯಾಗಲಿ, ಕಲಾವಿದರ ಸಂಬಳವಾಗಲಿ ಕಡಿಮೆಯಾಗಲ್ಲ. ಅದಕ್ಕೇ ಕಡಿಮೆ ಬೆಲೆಗಾದರೂ ಸೀಟು ತುಂಬಿಸುತ್ತಾರೆ. ರಿಯಾಯಿತಿ ಟಿಕೆಟ್ಟಿನಲ್ಲಿ ಬಂದವರೂ ಅದೇ ಹಾಡು ಕೇಳುತ್ತಾರೆ, ಅದೇ ನಾಟಕ ನೋಡುತ್ತಾರೆ.

ಕಡಿಮೆ ಬೆಲೆಯ ಟಿಕೆಟ್ ಸಿಗೋದು ಮುಖ್ಯವಾಗಿ ಮೂರು ದಾರಿಗಳಲ್ಲಿ:

1. ಟಿಕೆಟಿಎಸ್ ಬೂತ್. ಟೈಮ್ಸ್ ಸ್ಕ್ವೇರಿನಲ್ಲಿ 1973ರಿಂದ ಇದೆ. ಲಾಭಕ್ಕಾಗಿ ನಡೆಸುವ ಅಂಗಡಿಯಲ್ಲ, ಒಂದು ಸೇವಾ ಸಂಸ್ಥೆ ನಡೆಸುತ್ತೆ. ಅವತ್ತಿನ ಆಟದ ಟಿಕೆಟ್ ಕೆಲವೊಮ್ಮೆ ಅರ್ಧ ಬೆಲೆಗೇ ಸಿಗುತ್ತೆ. ಆಫ್-ಬ್ರಾಡ್‌ವೇ ಟಿಕೆಟ್ಟುಗಳೂ ಇರುತ್ತವೆ.

2. ರಷ್ ಟಿಕೆಟ್. ಅವತ್ತಿನ ಆಟಕ್ಕೆ ಥಿಯೇಟರಿನ ಕೌಂಟರ್ ತೆರೆದಾಗ ಮೊದಲು ಬಂದವರಿಗೆ ಕೊಡುತ್ತಾರೆ. ಕೆಲವು ಕಡೆ ವಿದ್ಯಾರ್ಥಿಗಳಿಗೆ ಮಾತ್ರ, ಸ್ಕೂಲ್ ಐಡಿ ಬೇಕು.

3. ಲಾಟರಿ. 1996ರಲ್ಲಿ ‘ರೆಂಟ್’ ನಾಟಕದವರು ಮುಂದಿನ ಎರಡು ಸಾಲುಗಳನ್ನು 20 ಡಾಲರಿಗೆ ಕೊಟ್ಟರು. ಜನ ರಾತ್ರಿಯೆಲ್ಲಾ ಬೀದಿಯಲ್ಲಿ ಕಾಯತೊಡಗಿದಾಗ ಚೀಟಿ ಎತ್ತುವ ಪದ್ಧತಿ ಬಂತು. ಮುಂದೆ ‘ಹ್ಯಾಮಿಲ್ಟನ್’ ಲಾಟರಿ ಟಿಕೆಟ್ಟಿಗೆ 10 ಡಾಲರ್ ಇಟ್ಟರು. ಯಾಕೆ ಗೊತ್ತಾ? ಹತ್ತು ಡಾಲರ್ ನೋಟಿನ ಮೇಲಿರೋದು ಹ್ಯಾಮಿಲ್ಟನ್ ಅವರ ಚಿತ್ರವೇ! ಈಗ ಫೋನಿನಲ್ಲೇ ಹೆಸರು ಕೊಡಬಹುದು.

ಅಪ್ಪ-ಅಮ್ಮಂದಿರಿಗೆ ನಾಲ್ಕು ಮಾತು. ನಾಲ್ಕು ಜನರ ಮನೆಗೆ ಪೂರ್ತಿ ಬೆಲೆ ಕೊಟ್ಟು ಹೋಗೋದು ಸುಲಭವಲ್ಲ, ನಿಜ. ಲಾಟರಿ, ರಷ್‌ನಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಎರಡೇ ಟಿಕೆಟ್ ಕೊಡೋದರಿಂದ ಒಂದು ಸಲ ಅಮ್ಮ-ಮಗಳು, ಇನ್ನೊಂದು ಸಲ ಅಪ್ಪ-ಮಗ ಹೋಗಿಬನ್ನಿ. ಎಲ್ಲರೂ ಒಟ್ಟಿಗೆ ಹೋಗಬೇಕಾದರೆ ಬೂತ್ ವಾಸಿ. ಹಣ ಕೊಡೋ ಮುಂಚೆ “ಸ್ಟೇಜ್ ಪೂರ್ತಿ ಕಾಣುತ್ತಾ?” ಅಂತ ಕೇಳಿ. ಮಗುವಿನ ವಯಸ್ಸಿಗೆ ನಾಟಕ ಹೊಂದುತ್ತಾ ಅಂತ ವಿಚಾರಿಸಿ. ಬೀದಿಯಲ್ಲಿ ಟಿಕೆಟ್ ಮಾರುವ ಅಪರಿಚಿತರಿಂದ ಕೊಳ್ಳಬೇಡಿ.

ಮಕ್ಕಳೇ, ನಿಮಗೂ ಒಂದು ಮಾತು. ಲಾಟರಿ ಗೆದ್ದು ಟಿಕೆಟ್ ತಗೊಂಡು, ಆಮೇಲೆ ಸೋಮಾರಿತನದಿಂದ ಹೋಗದೇ ಇರಬೇಡಿ. ಆ ಸೀಟಿಗಾಗಿ ಇನ್ನೊಂದು ಮಗುವೂ ಹೆಸರು ಕೊಟ್ಟಿರುತ್ತೆ. ಹೋದರೆ ಫೋನ್ ಆಫ್ ಮಾಡಿ, ಕಿವಿ ತೆರೆದು ಕೂತ್ಕೊಳ್ಳಿ. ಹಾಡು ಮುಗಿದಾಗ ಜೋರಾಗಿ ಚಪ್ಪಾಳೆ ತಟ್ಟಿ. ಚಿಕ್ಕ ಥಿಯೇಟರಿನಲ್ಲಿ ನಿಮ್ಮ ಎರಡು ಕೈಗಳ ಸದ್ದೂ ಕಲಾವಿದರಿಗೆ ತಲುಪುತ್ತೆ.