ಹಸಿರಿದ್ದರೂ ಕಾಡಲ್ಲ

ಹರಿಯಾಣದ ಗುರುಗ್ರಾಮದ ಅರಾವಳಿ ಗುಡ್ಡಗಳು ದೂರದಿಂದ ಹಸಿರಾಗಿಯೇ ಕಾಣುತ್ತವೆ. ಆದರೆ ಆ ಹಸಿರಿನ ಬಹುಪಾಲು ವಿಲಾಯತಿ ಕೀಕರ್, ಅಂದರೆ ನಮ್ಮ ಬಳ್ಳಾರಿ ಜಾಲಿ. ಬ್ರಿಟಿಷರು ದೆಹಲಿಯ ದಿಣ್ಣೆಗಳಲ್ಲಿ ನೆಟ್ಟ ಈ ಪರದೇಶಿ ಗಿಡವನ್ನೇ ನಮ್ಮ ಅರಣ್ಯ ಇಲಾಖೆಗಳೂ ಬೋಳು ಗುಡ್ಡಗಳಲ್ಲಿ ಬಿತ್ತಿದವು. ದನಗಳು ಕಾಯಿ ತಿಂದು ಸಗಣಿಯಲ್ಲಿ ಬೀಜ ಹರಡುತ್ತವೆ. ಕಡಿದರೆ ಬುಡದಿಂದಲೇ ಮತ್ತೆ ಚಿಗುರುತ್ತದೆ. ಅದರ ನೆರಳಲ್ಲಿ ಸ್ಥಳೀಯ ಹುಲ್ಲು, ಗಿಡಗಳು ಮೊಳೆಯುವುದೇ ಕಷ್ಟ.

ಕಾಂಕ್ರೀಟು ಹೊದ್ದ ಈ ನಗರದ ಅಂತರ್ಜಲ ಅತಿ ಬಳಕೆಯ ಪಟ್ಟಿಯಲ್ಲಿದೆ. ಅದನ್ನು ತುಂಬಲು ಗುಡ್ಡಗಳೇ ಆಧಾರ: ಬಿರುಕುಬಿಟ್ಟ ಅರಾವಳಿ ಬಂಡೆಗಳ ಮೂಲಕ ಮಳೆನೀರು ಆಳಕ್ಕೆ ಇಳಿಯುತ್ತದೆ. ಥಾರ್ ಕಡೆಯಿಂದ ಬರುವ ಧೂಳಿಗೂ ಈ ಗುಡ್ಡಸಾಲೇ ತಡೆ. ಗುಡ್ಡ ಹೋದರೆ ಕೊಳವೆಬಾವಿ ಇನ್ನಷ್ಟು ಬತ್ತುತ್ತದೆ, ಈಗಾಗಲೇ ಉಸಿರುಗಟ್ಟಿಸುವ ಗಾಳಿ ಇನ್ನಷ್ಟು ಕೆಡುತ್ತದೆ.

ಹಾಳಾದ ಗುಡ್ಡವನ್ನು ಸರಿಪಡಿಸಬಹುದು ಎಂಬುದಕ್ಕೆ ಊರೊಳಗೇ ಪುರಾವೆಯಿದೆ. ಗಣಿಗಾರಿಕೆಯಿಂದ ಹಾಳಾಗಿದ್ದ ಸುಮಾರು 380 ಎಕರೆಯಲ್ಲಿ 2010ರಿಂದ ‘ಐ ಆಮ್ ಗುರ್‌ಗಾಂವ್’ ಎಂಬ ನಾಗರಿಕರ ಗುಂಪು ನಗರಪಾಲಿಕೆಯ ಜೊತೆ ಸೇರಿ ಅರಾವಳಿ ಜೀವವೈವಿಧ್ಯ ಉದ್ಯಾನ ಬೆಳೆಸಿತು. ಪರಿಸರ ಪುನಶ್ಚೇತನ ಪರಿಣತ ವಿಜಯ್ ಧಸ್ಮಾನಾ ಅವರ ಮಾರ್ಗದರ್ಶನದಲ್ಲಿ ನೆಟ್ಟದ್ದು ಈ ನೆಲದವೇ ಆದ ಧೌ, ಸಲಾಯಿ, ಕಗ್ಗಲಿ, ಬಿಳಿಜಾಲಿ, ಮುತ್ತುಗ. ಧೌ ನಮ್ಮ ದಿಂಡಿಗದ ಬಳಗದ ಮರ. ಅದರ ಬೀಜದಲ್ಲಿ ಬಹುಪಾಲು ಜೊಳ್ಳು, ಹಾಗಾಗಿ ಮಾಮೂಲಿ ನರ್ಸರಿಗಳಲ್ಲಿ ಸಿಗುವುದು ಅಪರೂಪ. ಗುರುಗ್ರಾಮದ ಪಕ್ಕದ ಮಾಂಗರ್ ಬನಿಯಲ್ಲಿ ಧೌ ಕಾಡು ಇನ್ನೂ ಉಳಿದಿದೆ. ಕೊಡಗಿನ ದೇವರಕಾಡಿನಂತೆ ಅಲ್ಲಿಯೂ ಹಳ್ಳಿಗರು ಗುದಡಿಯಾ ಬಾಬಾ ಎಂಬ ಸಂತನ ಹೆಸರಲ್ಲಿ ಕೊಂಬೆ ಮುರಿಯದೆ ಕಾಯ್ದರು. 2022ರಲ್ಲಿ ಗುರುಗ್ರಾಮದ ಈ ಉದ್ಯಾನಕ್ಕೆ, ಅಭಯಾರಣ್ಯಗಳ ಹೊರಗಿನ ಸಂರಕ್ಷಣಾ ತಾಣವಾಗಿ ದೇಶದಲ್ಲೇ ಮೊದಲ ಮಾನ್ಯತೆ ಸಿಕ್ಕಿತು. ಅಷ್ಟಾಗಲು ಹನ್ನೆರಡು ವರ್ಷ ಹಿಡಿಯಿತು.

ಕಾಡು ಕಳೆಯಲು ಮಾತ್ರ ಒಂದು ಕಾಗದ ಸಾಕು. ಮರಗಳ ಮೇಲಾವರಣ ಶೇ. 40ರಷ್ಟಾದರೂ ಇರಬೇಕು ಎಂದು ಹರಿಯಾಣ ಸರ್ಕಾರ 2025ರ ಆಗಸ್ಟ್‌ನಲ್ಲಿ ಕಾಡಿನ ಲಕ್ಷಣ ಬರೆಯಿತು. ಇಲ್ಲಿನ ಒಣ ಮುಳ್ಳುಕಾಡು ಸಹಜವಾಗಿಯೇ ವಿರಳ. ಮಲೆನಾಡಿನ ಅಳತೆಯಲ್ಲಿ ಬಯಲುಸೀಮೆಯನ್ನು ಅಳೆದರೆ ಕಾಡೆಲ್ಲಿ ಸಿಕ್ಕೀತು? ಅದೇ ವರ್ಷದ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸುತ್ತಲ ನೆಲಕ್ಕಿಂತ 100 ಮೀಟರ್ ಎತ್ತರವಿದ್ದರೆ ಮಾತ್ರ ಅರಾವಳಿ ಗುಡ್ಡ ಎಂಬ ವ್ಯಾಖ್ಯೆಯನ್ನು ಒಪ್ಪಿತು. ಪ್ರತಿಭಟನೆ ಎದ್ದ ಮೇಲೆ ಡಿಸೆಂಬರ್ 29ರಂದು ತಾನೇ ಆ ಆದೇಶವನ್ನು ತಡೆಹಿಡಿಯಿತು. ತಡೆ ಎಂದರೆ ರಕ್ಷಣೆಯಲ್ಲ. ಕುಳ್ಳ ಗುಡ್ಡಗಳು ಲೆಕ್ಕದಿಂದ ಹೊರಬಿದ್ದರೆ ಮೊದಲು ಬರುವುದು ಜೆಸಿಬಿ.

ಕಡಿದದ್ದಕ್ಕೆ ಬದಲಾಗಿ ಇನ್ನೆಲ್ಲೋ ಸಸಿ ನೆಟ್ಟು ತೋರಿಸುವ ಲೆಕ್ಕವನ್ನು ನಾನು ನಂಬುವುದಿಲ್ಲ. ಕೀಕರನ್ನೂ ಒಮ್ಮೆಲೇ ಬೋಳಿಸಿದರೆ ಮಣ್ಣು ಕೊಚ್ಚಿಹೋಗುತ್ತದೆ. ತುಂಡು ತುಂಡಾಗಿ ತೆಗೆದು, ಸ್ಥಳೀಯ ಗಿಡ ಕೂರಿಸಿ, ವರ್ಷಗಟ್ಟಲೆ ಕಾಯಬೇಕು. ಕೆಲಸಕ್ಕಾಗಿ ಬಂದು ಇಲ್ಲಿ ನೆಲೆಸಿದ ಕನ್ನಡಿಗರೇ, ಮುಂದಿನ ಮಳೆಗಾಲದಲ್ಲಿ ನಿಮ್ಮ ಕಂಪನಿ ಸಸಿ ನೆಡಲು ಕರೆದರೆ ಹೋಗಿ. ಹೋಗುವ ಮುನ್ನ ಎರಡು ಮಾತು ಕೇಳಿ: ಯಾವ ಜಾತಿಯ ಗಿಡ, ಬರುವ ಬೇಸಿಗೆಯಲ್ಲಿ ನೀರು ಹಾಕುವವರು ಯಾರು?